ಅಪ್‌ಡೇಟ್: ಮೇಷ್ಟ್ರುಗಳಿಗೆ ಬಿಸಿನೆಸ್ ಇಂಗ್ಲಿಷ್ ತರಬೇತಿ

ಹದಿನೈದು ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದ ನಮ್ಮ ಮೇಷ್ಟ್ರುಗಳನ್ನು ಕಂಪನಿ ಸಿಬ್ಬಂದಿಗೆ ಪಾಠ ಮಾಡಲು ಹೇಗೆ ತಯಾರು ಮಾಡಲಿ ಅಂತ ಕೇಳಿದ್ದೆ. 'ಮೊದಲು ಕಲಿಯುವವರ ಕೆಲಸ ನೋಡಿ' ಅಂದವರಿಗೆ ತುಂಬಾ ಥ್ಯಾಂಕ್ಸ್. ಅದೇ ಕೈ ಹಿಡಿಯಿತು.

ಪಠ್ಯಪುಸ್ತಕ ಬದಿಗಿಟ್ಟು, ಹೆಸರು, ಮೊತ್ತ ಅಳಿಸಿದ ಕಂಪನಿಯ ನಿಜವಾದ ಈಮೇಲ್‌ಗಳನ್ನು ಮೇಷ್ಟ್ರುಗಳಿಗೆ ಹಂಚಿದೆ. ಒಂದರಲ್ಲಿ 'ಪ್ಲೀಸ್ ಡು ದ ನೀಡ್‌ಫುಲ್' (ಬೇಕಾದ್ದನ್ನು ದಯವಿಟ್ಟು ಮಾಡಿ) ಅಂತ ಇತ್ತು. ಒಬ್ಬ ಮೇಡಂ ಕೆಂಪು ಪೆನ್ನು ಹಿಡಿದು ವ್ಯಾಕರಣದ ತಪ್ಪು ಹುಡುಕಿದರು, ಸಿಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, 'ಸರಿ, ಇದನ್ನು ಓದಿದವರು ಏನು ಮಾಡಬೇಕು? ಯಾವತ್ತಿನೊಳಗೆ?' ಎಂದರು. ಅಲ್ಲಿಂದ ಪಾಠದ ದಾರಿಯೇ ಬದಲಾಯಿತು.

ಇನ್‌ವಾಯ್ಸ್ (ಮಾರಿದವರು ಕೊಡುವ ಬಿಲ್), ಕ್ರೆಡಿಟ್ ನೋಟ್ (ಆ ಬಿಲ್‌ನ ಮೊತ್ತ ಕಡಿಮೆ ಮಾಡಿ ಕೊಡುವ ಪತ್ರ) ಗೊತ್ತಿಲ್ಲ ಅನ್ನುವ ಭಯ ಮೇಷ್ಟ್ರುಗಳಿಗೆ ಜಾಸ್ತಿ ಇತ್ತು. ಅವು ಏನು ಅಂತ ಕಲಿಯಲು ಬಂದ ಕಂಪನಿ ಸಿಬ್ಬಂದಿಯಿಂದಲೇ ಇಂಗ್ಲಿಷ್‌ನಲ್ಲಿ ಹೇಳಿಸಿದೆವು. ಸಿಬ್ಬಂದಿಗೂ ಮಾತಾಡಿ ಅಭ್ಯಾಸ ಆಗುತ್ತದೆ, ಅಲ್ವಾ? ಫೋನ್ ಮಾತುಕತೆಯ ಪಾಠ ಮುಂದಿನ ವಾರ ಶುರು.