ಅಮೆರಿಕಾ ಇಮಿಗ್ರೇಷನ್ ಕೌಂಟರಲ್ಲಿ ಕನ್ನಡದಲ್ಲೇ ಉತ್ತರ ಕೊಡಬಹುದಾ?

ಪ್ರಶ್ನೆ (ಸಕಲೇಶಪುರದಿಂದ): ಲಾಯರ್ ಮೇಡಂ, ನಮಸ್ತೆ. ಅಕ್ಕನ ಬಾಣಂತನಕ್ಕೆ ಅಪ್ಪ ಅಮ್ಮ ಅಮೆರಿಕಾಕ್ಕೆ ಹೊರಟಿದ್ದಾರೆ, ಬಿ-2 (ಪ್ರವಾಸಿ) ವೀಸಾ ಸಿಕ್ಕಿದೆ. ನಮ್ಮ ಪಕ್ಕದ ತೋಟದ ಆಂಟಿನ ಅಲ್ಲಿನ ಒಂದು ಏರ್‌ಪೋರ್ಟಲ್ಲಿ ಒಳಗಿನ ರೂಮಲ್ಲಿ ಗಂಟೆಗಟ್ಟಲೆ ಕೂರಿಸಿದ್ರಂತೆ. ಫೋನ್ ಇಸ್ಕೊಂಡು ಜೋರು ಮಾಡಿದ್ರಂತೆ. ಗಾಬರೀಲಿ ಆಂಟಿ ಎಲ್ಲದಕ್ಕೂ ‘ಎಸ್ ಎಸ್’ ಅಂದಿದ್ದಾರೆ. ಇದನ್ನ ಕೇಳಿದ ಮೇಲೆ ಅಮ್ಮಂಗೆ ನಿದ್ದೆ ಇಲ್ಲ. ವೀಸಾ ಇದ್ರೂ ಹೀಗೆ ಮಾಡಬಹುದಾ?

ಉತ್ತರ (ವಕೀಲರು, ಹಾಸನ): ಮಾಡಬಹುದು ಅಮ್ಮ. ವೀಸಾ ಇದ್ದರೂ ಒಳಗೆ ಬಿಡೋದು, ಎಷ್ಟು ದಿನಕ್ಕೆ ಬಿಡೋದು ಕೌಂಟರಿನ ಅಧಿಕಾರಿ ಕೈಲಿರುತ್ತೆ. ಒಳಗಿನ ರೂಮಿನ ವಿಚಾರಣೆಗೆ ‘ಸೆಕೆಂಡರಿ’ ಅಂತಾರೆ. ಅಲ್ಲಿಗೆ ಕರೆದ ಮಾತ್ರಕ್ಕೆ ತಪ್ಪು ಮಾಡಿದ್ದಾರೆ ಅಂತಲ್ಲ, ಇದನ್ನ ನಿಮ್ಮ ತಾಯಿಗೆ ಮೊದಲು ಹೇಳಿ. ಆ ಹಂತದಲ್ಲಿ ವಕೀಲರನ್ನ ಕರೆಸಿಕೊಳ್ಳೋ ಹಕ್ಕು ಸಾಮಾನ್ಯವಾಗಿ ಇರಲ್ಲ.

ನನಗೆ ಸಂಕಟ ಆಗಿದ್ದು ಆ ‘ಎಸ್ ಎಸ್’ ಕೇಳಿ. ಅರ್ಥ ಆಗದ ಪ್ರಶ್ನೆಗೆ ಹೂಂ ಅನ್ನೋದೇ ದೊಡ್ಡ ಅಪಾಯ. ಅಲ್ಲೇ ವಾಪಸ್ ಕಳಿಸೋ ಆದೇಶ ಮಾಡೋ ಮುಂಚೆ ಅಧಿಕಾರಿ ಹೇಳಿಕೆ ಬರ್ಕೋತಾರೆ. ಆ ವಿಚಾರಣೆಗೆ ಅಗತ್ಯವಿದ್ದರೆ ದುಭಾಷಿ (ಇಂಟರ್‌ಪ್ರಿಟರ್) ಕೊಡಲೇಬೇಕು, ಹೇಳಿಕೆ ಓದಿಸಿ ಅಥವಾ ಓದಿ ಹೇಳಿ, ಪ್ರತಿ ಪುಟಕ್ಕೂ ಪ್ರತಿ ತಿದ್ದುಪಡಿಗೂ ಸಹಿ ಹಾಕಿಸಬೇಕು ಅಂತ ಅವರದೇ ನಿಯಮ ಇದೆ. ಹಾಗಾಗಿ ನಿಮ್ಮ ತಾಯಿ ‘ಕನ್ನಡ ಇಂಟರ್‌ಪ್ರಿಟರ್ ಪ್ಲೀಸ್’ ಅನ್ನೋ ಮೂರು ಪದ ಬಾಯಿಪಾಠ ಮಾಡಲಿ, ಒಂದು ಚೀಟೀಲೂ ಬರೆದಿಟ್ಟುಕೊಳ್ಳಲಿ. ತಪ್ಪು ಬರೆದಿದ್ರೆ ತಿದ್ದಿಸಲಿ, ಅರ್ಥ ಆಗೋ ತನಕ ಸಹಿ ಬೇಡ. ಆ ಆದೇಶ ಬಿದ್ದರೆ ಸಾಮಾನ್ಯವಾಗಿ 5 ವರ್ಷ ಅಮೆರಿಕಾ ಪ್ರವೇಶ ಬಂದ್. ಒಳಗೆ ಬಿಡಿ ಅನ್ನೋ ಕೋರಿಕೆಯನ್ನ ತಾವೇ ಹಿಂತೆಗೆದುಕೊಂಡು ವಾಪಸ್ ಬರ್ತೀವಿ ಅಂತಲೂ ಕೇಳಬಹುದು, ಆದ್ರೆ ಒಪ್ಪೋದು ಬಿಡೋದು ಅವರಿಷ್ಟ.

ಬಾಣಂತನದ ವಿಷಯ. ‘ಮಗು ನೋಡ್ಕೊಳ್ಳೋಕೆ ಬಂದೆ’ ಅಂತ ಅರ್ಧಂಬರ್ಧ ಇಂಗ್ಲಿಷಲ್ಲಿ ಹೇಳಿದ್ರೆ ಆಯಾ ಕೆಲಸಕ್ಕೆ ಬಂದಂಗೆ ಕೇಳಿಸಬಹುದು. ಇರೋ ನಿಜಾನೇ ಪೂರ್ತಿ ಹೇಳಲಿ: ಮಗಳಿಗೆ ಹೆರಿಗೆ, ಅವಳ ಜೊತೆ ಇರ್ತೀವಿ, ಇಂಥ ತಾರೀಖಿಗೆ ವಾಪಸ್, ಸಂಬಳ ಗಿಂಬಳ ಏನಿಲ್ಲ.

ಪ್ರಶ್ನೆ (ಅವರೇ): ಫೋನ್ ಕೊಡಲ್ಲ ಅನ್ನಬಹುದಾ ಮೇಡಂ?

ಉತ್ತರ: ಅನ್ನಬಹುದು, ಆದ್ರೆ ಪ್ರವಾಸಿಗಳನ್ನ ಅದೇ ಕಾರಣಕ್ಕೆ ವಾಪಸ್ ಕಳಿಸಬಹುದು. ನಿಮ್ಮ ಅಪ್ಪ ಅಮ್ಮನಿಗೆ ನಾನಾದ್ರೆ ‘ಕೊಟ್ಟುಬಿಡಿ’ ಅಂತೀನಿ. ಅವರ ಮಾರ್ಗಸೂಚಿ ಪ್ರಕಾರ ಇಂಟರ್ನೆಟ್ ಆಫ್ ಮಾಡಿ, ಫೋನಲ್ಲಿ ಉಳಿದಿರೋದನ್ನ ಮಾತ್ರ ನೋಡಬೇಕು. ಅಕ್ಕನ ನಂಬರ್, ವಿಳಾಸ ಕಾಗದದಲ್ಲೂ ಇರಲಿ, ಫೋನ್ ಕೈಲಿಲ್ಲದಾಗ ಬೇಕಾಗುತ್ತೆ. ಬಂಧಿಸಿ ಇಟ್ಟುಕೊಂಡ್ರೆ ಭಾರತದ ದೂತಾವಾಸಕ್ಕೆ ತಿಳಿಸಿ ಅಂತ ಕೇಳೋ ಹಕ್ಕು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಲ್ಲಿದೆ.

ಇನ್ನೊಬ್ಬರು (ಚಿಕ್ಕಮಗಳೂರು): ನಮ್ಮ ಕಾಫಿಪುಡಿ, ಕರಿಬೇವು ಒಯ್ಯಬಹುದಾ?

ಉತ್ತರ: ಹುರಿದ ಕಾಫಿಪುಡಿಗೆ ತೊಂದರೆ ಇಲ್ಲ. ಕರಿಬೇವು ಬೇಡವೇ ಬೇಡ, ನಿಂಬೆ ಜಾತಿ ಬೆಳೆಗೆ ರೋಗ ಹರಡುತ್ತೆ ಅಂತ ನಿಷೇಧ ಇದೆ. ತಿನ್ನೋ ಪದಾರ್ಥ ಏನೇ ಇದ್ರೂ ಕೇಳಿದ ಕೂಡಲೇ ಇದೆ ಅನ್ನಿ. ಹೇಳಿದ್ರೆ ಹೆಚ್ಚೆಂದ್ರೆ ತೆಗೆದು ಬಿಸಾಕ್ತಾರೆ, ಮುಚ್ಚಿಟ್ಟು ಸಿಕ್ಕಿಬಿದ್ರೆ ದಂಡ.