ಕನೆಕ್ಟ್ ಕಾಲ್ 127 ಸೆಕೆಂಡ್ ಸಿಕ್ಕಾಕೊಳ್ಳುತ್ತೆ, ಯಾಕೆ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಲಿನಕ್ಸ್ 5.15, ಸಿ ಪ್ರೋಗ್ರಾಂ, ಬೇರೆ ನೆಟ್‌ವರ್ಕ್‌ನಲ್ಲಿರೋ ಸರ್ವರ್‌ಗೆ ಕನೆಕ್ಟ್ ಆಗ್ಬೇಕು. ಮಧ್ಯದ ಫೈರ್‌ವಾಲ್ ಪ್ಯಾಕೆಟ್ ಡ್ರಾಪ್ ಮಾಡ್ದಾಗ ಕನೆಕ್ಟ್ (ಕನೆಕ್ಷನ್ ಶುರು ಮಾಡೋ ಕಾಲ್) ಎರಡು ನಿಮಿಷಕ್ಕಿಂತ ಜಾಸ್ತಿ ಅಲ್ಲೇ ನಿಂತು ಆಮೇಲೆ ಇಟೈಮ್ಡ್‌ಔಟ್ (ಸಮಯ ಮೀರಿತು ಅನ್ನೋ ಎರರ್) ಕೊಡುತ್ತೆ. ಎಸ್ಒ_ಆರ್‌ಸಿವಿಟೈಮಿಯೋ (ರಿಸೀವ್ ಟೈಮೌಟ್, ಡೇಟಾ ಬರೋಕೆ ಎಷ್ಟು ಹೊತ್ತು ಕಾಯ್ಬೇಕು ಅನ್ನೋ ಆಪ್ಷನ್) 5 ಸೆಕೆಂಡ್ ಇಟ್ಟು ನೋಡ್ದೆ, ಏನೂ ಬದಲಾಗ್ಲಿಲ್ಲ.

ಉತ್ತರ 1:
ಮೊದಲ್ನೇ ಸಿನ್ (ಕನೆಕ್ಷನ್ ಕೇಳೋ ಪ್ಯಾಕೆಟ್) ಕಳ್ಸಿ ಕರ್ನೆಲ್ (ಲಿನಕ್ಸ್‌ನ ತಿರುಳು) 1 ಸೆಕೆಂಡ್ ಕಾಯುತ್ತೆ, ಉತ್ತರ ಇಲ್ಲ ಅಂದ್ರೆ ಮತ್ತೆ ಕಳ್ಸಿ 2, ಆಮೇಲೆ 4, 8, 16, 32, 64, ಹಿಂಗೆ ಪ್ರತಿ ಸಲ ಡಬಲ್ ಆಗ್ತಾ ಹೋಗುತ್ತೆ. ಎಷ್ಟು ಸಲ ಮತ್ತೆ ಕಳಿಸ್ಬೇಕು ಅನ್ನೋ ಸೆಟ್ಟಿಂಗ್ ಟಿಸಿಪಿ_ಸಿನ್_ರಿಟ್ರೈಸ್, ಅದರ ಡೀಫಾಲ್ಟ್ 6, ಮೊದಲ್ನೇದೂ ಸೇರಿ 7 ಸಿನ್, ಕೂಡಿ ನೋಡಿ ಸರಿಯಾಗಿ 127. ಹಿಂದೆಲ್ಲ ಶುರುವಿಗೇ 3 ಸೆಕೆಂಡ್ ಕಾಯೋದಿತ್ತು, 2011ರ ಆರ್‌ಎಫ್‌ಸಿ 6298 (ಇಂಟರ್ನೆಟ್ ನಿಯಮಗಳ ಒಂದು ದಾಖಲೆ) ಅದನ್ನ 1ಕ್ಕೆ ಇಳಿಸ್ತು. ಇನ್ನು ನಿಮ್ಮ ಆಪ್ಷನ್: ಕನೆಕ್ಟ್ ನೋಡೋದು ಎಸ್ಒ_ಎಸ್ಎನ್‌ಡಿಟೈಮಿಯೋನ (ಸೆಂಡ್ ಟೈಮೌಟ್), ರಿಸೀವ್ ಟೈಮೌಟ್‌ನ ಅಲ್ಲ. ಅದು ಮುಗಿದ್ರೆ ಸಿಗೋ ಎರರ್ ಇಇನ್‌ಪ್ರೋಗ್ರೆಸ್ (ಇನ್ನೂ ನಡೀತಿದೆ ಅಂತ ಅರ್ಥ), ಅದನ್ನ ಹ್ಯಾಂಡಲ್ ಮಾಡೋದು ಮರೀಬೇಡಿ.

ಉತ್ತರ 2:
ದಯವಿಟ್ಟು ಸಿಸ್‌ಸಿಟಿಎಲ್ (ಟಿಸಿಪಿ_ಸಿನ್_ರಿಟ್ರೈಸ್ ತರದ ಕರ್ನೆಲ್ ಸೆಟ್ಟಿಂಗ್) ಮುಟ್ಬೇಡಿ, ಅದು ಇಡೀ ಮೆಷಿನ್‌ಗೆ ಅನ್ವಯಿಸುತ್ತೆ. ಒಂದೇ ಸಾಕೆಟ್‌ಗೆ (ಪ್ರೋಗ್ರಾಂ ಕಡೆಯ ಕನೆಕ್ಷನ್ ತುದಿಗೆ) ಅಂದ್ರೆ ರಿಟ್ರೈ ಎಣಿಕೆ ಇಡೋ ಟಿಸಿಪಿ_ಸಿನ್‌ಸಿಎನ್‌ಟಿ ಆಪ್ಷನ್ ಇದೆ, 2 ಕೊಟ್ರೆ ನಿಮ್ಮ ಕರ್ನೆಲ್‌ನಲ್ಲಿ 1+2+4, ಏಳು ಸೆಕೆಂಡಿಗೆ ಕೈಬಿಡುತ್ತೆ. ಆದ್ರೆ ನಾನಾಗಿದ್ರೆ ಅದನ್ನೂ ನಂಬಲ್ಲ, ಯಾಕಂದ್ರೆ 6.5 ಕರ್ನೆಲ್‌ನಿಂದ ಶುರುವಿನ ಕೆಲವು ರಿಟ್ರೈ ಡಬಲ್ ಆಗ್ದೆ ಒಂದೊಂದು ಸೆಕೆಂಡಿಗೇ ಹೋಗ್ತವೆ, ಅಪ್‌ಗ್ರೇಡ್ ಮಾಡಿದ ದಿನ ಲೆಕ್ಕ ಎಲ್ಲಾ ತಪ್ಪುತ್ತೆ. ಸಾಕೆಟ್‌ನ ನಾನ್‌ಬ್ಲಾಕಿಂಗ್ (ಕಾಲ್ ಕಾಯದೆ ತಕ್ಷಣ ವಾಪಸ್ ಬರೋ ಹಾಗೆ) ಮಾಡಿ, ಕನೆಕ್ಟ್ ಕರೆದು, ಪೋಲ್‌ಗೆ (ಸಾಕೆಟ್ ರೆಡಿ ಆಗೋವರೆಗೂ ಕಾಯೋ ಕಾಲ್) 5 ಸೆಕೆಂಡ್ ಕೊಡಿ, ಎಚ್ಚರ ಆದ್ಮೇಲೆ ಎಸ್ಒ_ಎರರ್ (ಸಾಕೆಟ್‌ನಲ್ಲಿ ಉಳಿದಿರೋ ಎರರ್) ಓದಿ. ಪೋಲ್ ರೈಟಬಲ್ (ಬರೆಯೋಕೆ ರೆಡಿ) ಅಂತು ಅಂದ ಮಾತ್ರಕ್ಕೆ ಕನೆಕ್ಟ್ ಆಯ್ತು ಅಂತಲ್ಲ.

ಪ್ರಶ್ನೆ ಕೇಳಿದವರು:
ಪೋಲ್ ಹಾಕ್ದೆ, ಸರಿ ಆಯ್ತು, ತುಂಬಾ ಥ್ಯಾಂಕ್ಸ್. ಇನ್ನೊಂದು ವಿಷ್ಯ, ಫೈರ್‌ವಾಲ್ ಇಲ್ಲದ ಕಡೆನೂ ಲೋಡ್ ಜಾಸ್ತಿ ಆದಾಗ ಕೆಲವು ಕನೆಕ್ಷನ್‌ಗೆ ಮಾತ್ರ ಕರೆಕ್ಟಾಗಿ 1 ಸೆಕೆಂಡ್, ಇಲ್ಲಾಂದ್ರೆ 3 ಸೆಕೆಂಡ್ ಹಿಡೀತಿದೆ.

ಉತ್ತರ 1:
1, 3, 7 ಕಂಡ್ರೆ ಸಿನ್ ಎಲ್ಲೋ ಕಳೆದುಹೋಗಿ ಟೈಮರ್ ಮತ್ತೆ ಕಳ್ಸಿದೆ ಅಂತಾನೇ ಮೊದ್ಲು ಅನುಮಾನ ಪಡಿ. ಬಹುಶಃ ಸರ್ವರ್‌ನ ಆಕ್ಸೆಪ್ಟ್ ಕ್ಯೂ (ಪ್ರೋಗ್ರಾಂ ಎತ್ಕೊಳ್ಳಲಿ ಅಂತ ಕಾಯೋ ಕನೆಕ್ಷನ್‌ಗಳ ಸಾಲು) ತುಂಬಿದೆ, ತುಂಬಿದ್ರೆ ಲಿನಕ್ಸ್ ಹೊಸ ಸಿನ್‌ನ ಸದ್ದಿಲ್ದೆ ಬಿಸಾಕುತ್ತೆ. ಅಲ್ಲಿ ಎನ್‌ಸ್ಟ್ಯಾಟ್‌ನಲ್ಲಿ (ನೆಟ್‌ವರ್ಕ್ ಎಣಿಕೆ ತೋರ್ಸೋ ಕಮಾಂಡ್) ಲಿಸನ್‌ಓವರ್‌ಫ್ಲೋಸ್ ಅನ್ನೋ ಎಣಿಕೆ ಏರ್ತಿದ್ಯಾ ನೋಡಿ. ಸರ್ವರ್ ಕೋಡ್ ಲಿಸನ್ ಕಾಲ್‌ಗೆ ಕೊಟ್ಟ ಬ್ಯಾಕ್‌ಲಾಗ್ (ಕೇಳಿದ ಕ್ಯೂ ಉದ್ದ), ಸೋಮ್ಯಾಕ್ಸ್‌ಕಾನ್ (ಕರ್ನೆಲ್ ಇಟ್ಟ ಮಿತಿ), ಇವೆರಡ್ರಲ್ಲಿ ಯಾವ್ದು ಚಿಕ್ಕದೋ ಅದೇ ಕ್ಯೂ ಉದ್ದದ ಲೆಕ್ಕ.

ಪ್ರಶ್ನೆ ಕೇಳಿದವರು:
ಏರ್ತಾನೇ ಇದೆ. ಸರ್ವರ್ ಕೋಡ್‌ನಲ್ಲಿ ಬ್ಯಾಕ್‌ಲಾಗ್ 5 ಇತ್ತು, 1024 ಮಾಡಿದ್ಮೇಲೆ ಆ 1 ಸೆಕೆಂಡಿನವು ಕಾಣಿಸ್ತಿಲ್ಲ.