ಮೇಲಿನ ಮನೆಯವರಿಗೆ ಇನ್ನೂ ಬೆಲ್ಲ ನೀರು ಕೊಡಬೇಕಾ?

ತೋಟದ ಮೂಲೆ (ಪೆರ್ಲ, ಕಾಸರಗೋಡು):
ನಮ್ಮದು ಗುಡ್ಡದ ಬುಡದಲ್ಲಿ ಅಡಿಕೆ ತೋಟ. ನೀರು ಸುರಂಗದ್ದು. ಅಜ್ಜನ ಕಾಲದಲ್ಲಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆಸಿದ್ದು. ಪಂಪ್ ಬೇಡ, ಕರೆಂಟ್ ಬೇಡ, ನೀರು ತಾನಾಗಿ ಹರಿದು ಟ್ಯಾಂಕಿಗೆ ಬೀಳುತ್ತಿತ್ತು. ಮೂರು ವರ್ಷದ ಹಿಂದೆ ಮೇಲಿನ ಮನೆಯವರು ಸುರಂಗದ ನೇರಕ್ಕೇ ಬೋರ್ ಹೊಡೆಸಿದರು. ಈಗ ಫೆಬ್ರವರಿ ಕಳೆದರೆ ಕಿರುಬೆರಳಷ್ಟು ನೀರು. ಕೇಳಲು ಹೋದರೆ "ನನ್ನ ಜಾಗ, ನನ್ನ ಬೋರ್" ಎಂದರು. ನಾವು ನಡೆಯುವ ದಾರಿಗೆ ಅಡಿಕೆ ಸಿಪ್ಪೆ ತಂದು ಸುರಿಯುತ್ತಾರೆ. ಎದುರು ಸಿಕ್ಕರೆ ಮುಖ ತಿರುಗಿಸುತ್ತಾರೆ.

ಕಳೆದ ವಾರ ಅವರ ಹೆಸರಿನ ಕಾಗದವೊಂದು ತಪ್ಪಿ ನಮ್ಮ ಮನೆಗೆ ಬಂದಿತ್ತು. ತೆಗೆದುಕೊಂಡು ಹೋಗಲು ಬಂದರು. ಅಮ್ಮ ಒಂದು ಚೆಂಬು ನೀರು, ತಟ್ಟೆಯಲ್ಲಿ ಎರಡು ತುಂಡು ಬೆಲ್ಲ ತಂದು ಜಗಲಿಯಲ್ಲಿಟ್ಟರು. ಆ ಮನುಷ್ಯ ಬೆಲ್ಲ ಬಾಯಿಗೆ ಹಾಕಿ, ನೀರು ಕುಡಿದು, ಒಂದು ಮಾತೂ ಆಡದೆ ಇಳಿದು ಹೋದರು. ಆ ನೀರು ಕೂಡ ಸುರಂಗದ್ದೇ! ನನಗೆ ಮೈಯೆಲ್ಲಾ ಉರಿಯಿತು. ಇದು ಒಳ್ಳೆಯತನವಾ, ಮಂಕುತನವಾ?

ಕುಂಬಳೆ ಪ್ಯಾಸೆಂಜರ್:
ಮಂಕುತನ. ಇನ್ನೇನು? ನಮ್ಮ ಕಡೆಯವರ ರೋಗವೇ ಇದು. ಕಾಲು ತುಳಿದರೂ "ಪರವಾಗಿಲ್ಲ" ಎನ್ನುವುದು. ತುಳಿದವನು ಅದನ್ನು ಪರ್ಮಿಷನ್ ಅಂದುಕೊಳ್ಳುತ್ತಾನೆ. ಸಿಪ್ಪೆಯನ್ನು ವಾಪಸ್ ಅವರ ಗೇಟಿಗೆ ಸುರಿಯಿರಿ, ಮರುದಿನ ನಿಲ್ಲುತ್ತದೆ.

ನೀರ್ಚಾಲು ಟೀಚರ್:
ನಿಲ್ಲುವುದಿಲ್ಲ ಮಾರಾಯ್ರೆ. ಅವರು ಎರಡು ಬುಟ್ಟಿ ಜಾಸ್ತಿ ತರುತ್ತಾರೆ. ಆಮೇಲೆ ನಿಮಗೆ ಸಿಪ್ಪೆ ಹೊರುವುದೇ ಕೆಲಸ. ಅಮ್ಮ ಮಾಡಿದ್ದೇ ಸರಿ. ಮನೆಗೆ ಬಂದವರಿಗೆ ನೀರು ಕೊಡುವುದು ಅವರ ಯೋಗ್ಯತೆ ನೋಡಿ ಅಲ್ಲ, ನಮ್ಮ ಜಗಲಿಯ ಅಭ್ಯಾಸ ಅದು.

ಮುಳ್ಳೇರಿಯ ಅಕ್ಕ:
ಟೀಚರೇ, ಒಂದು ಮಾತು. ಆ ಚೆಂಬು ಹೊತ್ತು ಬಂದದ್ದು ಯಾರು? ಅಮ್ಮ. ಗಂಡಸರು ಒಳಗೆ ಕೂತು ಹಲ್ಲು ಕಡಿಯುತ್ತಾರೆ, ಮನೆಯ ಮರ್ಯಾದೆ ಉಳಿಸುವ ಕೆಲಸ ಹೆಂಗಸರಿಗೆ. ನಮ್ಮ ಮನೆಯಲ್ಲೂ ಹಾಗೇ. ಅಪ್ಪ ಮಾತು ಬಿಟ್ಟ ನೆಂಟರಿಗೆಲ್ಲಾ ಅಮ್ಮನೇ ಕಾಫಿ ಕೊಡಬೇಕಿತ್ತು. ಒಳ್ಳೆಯತನದ ಬಗ್ಗೆ ಉಪನ್ಯಾಸ ಬೇಡ. ಮುಂದಿನ ಸಲ ನೀರು ನೀವೇ ಕೊಡಿ ತಮ್ಮಾ, ಆಗ ಗೊತ್ತಾಗುತ್ತದೆ ಅದಕ್ಕೆ ಎಷ್ಟು ಧೈರ್ಯ ಬೇಕು ಅಂತ.

ತೋಟದ ಮೂಲೆ:
ಅಕ್ಕಾ, ಸರಿಯಾಗಿ ತಾಗಿತು. ನಾನು ಕಿಟಕಿ ಹಿಂದೆ ನಿಂತಿದ್ದೆ.

ಬದಿಯಡ್ಕ ಬ್ಯಾಂಕ್ ರಸ್ತೆ:
ನೀರು ಕೊಡುವುದು ಬೇರೆ, ನೀರು ಬಿಟ್ಟುಕೊಡುವುದು ಬೇರೆ. ಎರಡನ್ನೂ ಯಾಕೆ ಕಲಸುತ್ತೀರಿ? ಬೆಲ್ಲ ಕೊಡಿ, ಜೊತೆಗೆ ಅರ್ಜಿಯೂ ಕೊಡಿ. ಕೇರಳದಲ್ಲಿ 2002ರಿಂದಲೇ ಅಂತರ್ಜಲ ಕಾಯ್ದೆ ಇದೆ. ಪಂಚಾಯತಿಗೆ ಕನ್ನಡದಲ್ಲೇ ಬರೆಯಿರಿ, ಕಾಸರಗೋಡಿನ ಕನ್ನಡಿಗರಾದ ನಮಗೆ ಆ ಹಕ್ಕಿದೆ. ಒಂದು ಕಚೇರಿಯಲ್ಲಿ ನನ್ನ ಕನ್ನಡ ಅರ್ಜಿಯನ್ನು ಮೇಜಿನ ಮೇಲೆ ಎಸೆದಿದ್ದರು. ನಾನು ಎತ್ತಿ, ಮಡಿಕೆ ಸರಿ ಮಾಡಿ, "ಸರ್, ಸೀಲ್ ಹಾಕಿ ಕೊಡಿ" ಎಂದೆ. ಎಷ್ಟು ಹೇಳಿದರೂ ಅದೇ ಮಾತು, ಅದೇ ದನಿ. ನಾಲ್ಕನೇ ಸಲಕ್ಕೆ ಸೀಲ್ ಬಿತ್ತು. ಅವರು ಬದಲಾಗಲಿಲ್ಲ ಬಿಡಿ. ಮುಂದಿನ ತಿಂಗಳೂ ಹಾಗೆಯೇ ಎಸೆದರು.

ಕುಂಬಳೆ ಪ್ಯಾಸೆಂಜರ್:
ನೋಡಿ, ನೀವೇ ಹೇಳಿದಿರಿ. ಬದಲಾಗಲಿಲ್ಲ! ಮತ್ತೆ ಏನು ಲಾಭ?

ಬದಿಯಡ್ಕ ಬ್ಯಾಂಕ್ ರಸ್ತೆ:
ಸೀಲ್ ಸಿಕ್ಕಿತಲ್ಲ. ನಾನು ಕಿರುಚಿದ್ದರೆ ಆ ದಿನ ಅದೂ ಇಲ್ಲ, ಊಟವೂ ಸೇರುತ್ತಿರಲಿಲ್ಲ.

ಹೊಸಂಗಡಿ:
ನಾನು ಸ್ವಲ್ಪ ಬೇರೆ ಕಥೆ ಹೇಳುತ್ತೇನೆ. 2020ರ ಮಾರ್ಚ್ ಕೊನೆಗೆ, ಕೊರೋನಾ ಸಮಯದಲ್ಲಿ, ಕರ್ನಾಟಕದವರು ತಲಪಾಡಿ ಗಡಿಯಲ್ಲಿ ಹೆದ್ದಾರಿಗೆ ಮಣ್ಣು ಹಾಕಿ ಮುಚ್ಚಿದ್ದು ನೆನಪಿದೆ ಅಲ್ವಾ? ನಮಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ತೆರೆಯಲು ಹೇಳಿದರೂ ರಸ್ತೆ ಕೂಡಲೇ ತೆರೆಯಲಿಲ್ಲ. ಅಪ್ಪನ ಡಯಾಲಿಸಿಸ್ ನಿಂತಿತು. ಕೊನೆಗೆ ಬೇರೆ ಕಡೆ ಓಡಿದೆವು.

ಅದೇ ಮಳೆಗಾಲದಲ್ಲಿ ನಮ್ಮ ಮನೆ ಎದುರು ಕೆಎ ನಂಬರಿನ ಲಾರಿಯೊಂದು ಕೆಟ್ಟು ನಿಂತಿತು. ಪಕ್ಕದ ಅಂಗಡಿಯವರು "ಇರಲಿ ಬಿಡಿ, ಅವರ ಊರಿನವರೇ ಬಂದು ನೋಡಿಕೊಳ್ಳಲಿ" ಎಂದರು. ನನಗೂ ಹಾಗೇ ಅನ್ನಿಸಿತ್ತು, ಸುಳ್ಳು ಹೇಳುವುದಿಲ್ಲ. ಅಪ್ಪ ಊರುಗೋಲು ಹಿಡಿದು ಎದ್ದು ಬಂದು, "ಆ ಹುಡುಗ ಮಣ್ಣು ಹಾಕಿದನಾ?" ಎಂದು ಕೇಳಿದರು. ಡ್ರೈವರ್ ನಮ್ಮಲ್ಲೇ ಗಂಜಿ ಊಟ ಮಾಡಿದ. ಉಪ್ಪಿನಕಾಯಿ ಎರಡು ಸಲ ಹಾಕಿಸಿಕೊಂಡ.

ಕುಂಬಳೆ ಪ್ಯಾಸೆಂಜರ್:
ಅಣ್ಣಾ, ಅಲ್ಲಿ ಡ್ರೈವರ್ ತಪ್ಪು ಮಾಡಿದವನಲ್ಲ. ಇಲ್ಲಿ ಬೋರ್ ಹೊಡೆಸಿದವರೇ ಬೆಲ್ಲ ತಿಂದದ್ದು. ಹೋಲಿಕೆ ಸರಿಯಿಲ್ಲ. ಆದರೂ ನಿಮ್ಮ ಅಪ್ಪನಿಗೆ ಒಂದು ನಮಸ್ಕಾರ.

ಬಾಯಾರು ಗುಡ್ಡೆ:
ಎಲ್ಲರೂ ನೀತಿಯ ಬಗ್ಗೆ ಮಾತಾಡಿದಿರಿ. ಸುರಂಗದ ಒಳಗೆ ಯಾರಾದರೂ ಹೋಗಿ ನೋಡಿದ್ದಾರಾ? ಬೋರ್ ಕಾರಣ ಇರಬಹುದು. ಆದರೆ ಒಳಗೆ ಮಣ್ಣು ಕುಸಿದು ನೀರಿಗೆ ಅಡ್ಡ ಕೂತರೂ ಹೀಗೇ ಆಗುತ್ತದೆ. ಮೇಲಿನ ಗುಡ್ಡವನ್ನು ಜೆಸಿಬಿ ಹಾಕಿ ಸಮತಟ್ಟು ಮಾಡಿದರೆ ಮಳೆನೀರು ಇಂಗುವುದಿಲ್ಲ, ಅದೂ ಒಂದು ಕಾರಣ. ನಮ್ಮಲ್ಲಿ ಹತ್ತು ವರ್ಷ ನೆರೆಯವರನ್ನು ಬೈದೆವು. ಕೆಸರು ತೆಗೆಸಿದ ಮೇಲೆ ಅರ್ಧ ನೀರು ವಾಪಸ್ ಬಂತು. ಬೈದದ್ದನ್ನು ಹೇಗೆ ವಾಪಸ್ ತರುವುದು? ಆ ಮನೆಯ ಅಜ್ಜಿಗೆ ಹಲಸಿನ ಹಣ್ಣು ಕೊಂಡುಹೋದಾಗ ನನ್ನ ಕಾಲು ನಡುಗುತ್ತಿತ್ತು. ಅನುಭವ ಇದ್ದವರನ್ನೇ ಕರೆಸಿ ಮತ್ತೆ, ನೀವೇ ಒಳಗೆ ನುಗ್ಗಬೇಡಿ. ಒಳಗೆ ಗಾಳಿ ಕಡಿಮೆ.

ಮುಳ್ಳೇರಿಯ ಅಕ್ಕ:
ಇದು ಕೆಲಸದ ಮಾತು.

ತೋಟದ ಮೂಲೆ (ನಾಲ್ಕು ದಿನದ ಮೇಲೆ):
ಸುರಂಗ ನೋಡಲು ಜನ ಹೇಳಿದ್ದೇನೆ, ಮುಂದಿನ ವಾರ ಬರುತ್ತಾರೆ. ಪಂಚಾಯತಿಗೆ ಅರ್ಜಿಯೂ ರೆಡಿ. ಅಮ್ಮ ಕೇಳಿದ್ದು ಒಂದೇ, "ಕೊಡುವ ಮೊದಲು ಅವರಿಗೆ ಹೇಳಿದ್ದೀಯಾ?" ಹೇಳಿರಲಿಲ್ಲ. ನಿನ್ನೆ ಸಂಜೆ ಹೋದೆ. ಸಿಪ್ಪೆ ದಾಟಿಕೊಂಡೇ ಹೋದೆ. ಅವರು ಜಗಲಿಯಲ್ಲಿದ್ದರು. ಕೂತುಕೋ ಎನ್ನಲಿಲ್ಲ. "ಅರ್ಜಿ ಕೊಡುತ್ತಿದ್ದೇನೆ, ನಿಮಗೆ ತಿಳಿಯದೆ ಕೊಡುವುದು ಬೇಡ ಅಂತ ಬಂದೆ" ಎಂದೆ. ನನ್ನ ದನಿ ನನಗೇ ಕೇಳಿಸುವಷ್ಟು ಸಣ್ಣಗಿತ್ತು. "ಕೊಡು, ನೋಡುವ" ಎಂದರು. ನೀರು ಗೀರು ಏನೂ ಬರಲಿಲ್ಲ. ಅವರ ನಾಯಿ ಮಾತ್ರ ಗೇಟಿನ ತನಕ ಬಾಲ ಅಲ್ಲಾಡಿಸಿಕೊಂಡು ಬಂತು.

ಕುಂಬಳೆ ಪ್ಯಾಸೆಂಜರ್:
ನಾಯಿಗಾದರೂ ಬೆಲ್ಲ ಕೊಡಬಹುದಿತ್ತು ಮಾರಾಯ. ಸುರಂಗದೊಳಗೆ ಏನು ಸಿಕ್ಕಿತು ಅಂತ ಇಲ್ಲೇ ಬರೆ.